ಬುಡದ ಅಣಬೆ, ಬೇಲಿಯ ವಿಷ: ಯಾವುದನ್ನು ಕಡಿಯಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಮ್ಮದು ಆನೈಮಲೈ ಸಮೀಪದ ತೆಂಗಿನ ತೋಟದ ಮನೆ. ಅಜ್ಜನ ಕಾಲದಿಂದ ಇಲ್ಲೇ ಇದ್ದೇವೆ, ಮನೆಮಾತು ಕನ್ನಡ. ಎರಡು ತೆಂಗಿನ ಮರಗಳ ಬುಡದಲ್ಲಿ ಕೆಂಗಂದು ಬಣ್ಣದ ಗಟ್ಟಿ ಅಣಬೆ ಎದ್ದಿದೆ. ಕೊಟ್ಟಿಗೆ ಪಕ್ಕದ ಹಳೆಯ ಗುಲ್‌ಮೊಹರ್ ಮರದ ಬೇರಿನ ಮೇಲೂ ಅಂಥದ್ದೇ ಇದೆ. ಬೇವಿನ ಮರ ವರ್ಷವರ್ಷವೂ ತುದಿ ಒಣಗುತ್ತಿದೆ. ಬೇಲಿಯಲ್ಲಿ ಕಣಗಿಲೆ, ಕಾಡುಹರಳು ಇವೆ, ಅವುಗಳ ಮೇಲೆ ಅಗ್ನಿಶಿಖೆ ಹಬ್ಬಿದೆ. ತಿಪ್ಪೆಯ ಬಳಿ ಉಮ್ಮತ್ತಿ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುತ್ತಾರೆ. ಎಲ್ಲವನ್ನೂ ಕಡಿದು ಸುಟ್ಟುಬಿಡೋಣ ಎನ್ನುತ್ತಾನೆ ಮಗ. ಆ ಅಣಬೆ ಬೆಲೆಬಾಳುವ ಔಷಧಿ, ಕಷಾಯ ಮಾಡಿ ಕುಡಿಯಿರಿ ಎನ್ನುತ್ತಾರೆ ಪಕ್ಕದ ತೋಟದವರು. ಏನು ಮಾಡಬೇಕು?

ಉತ್ತರ: ಮೊದಲು ನಿಮ್ಮ ಮಗನಿಗೆ ಒಂದು ಮಾತು. ಬೇಲಿಯ ಗಿಡಗಳನ್ನು ದಯವಿಟ್ಟು ಸುಡಬೇಡಿ. ಕಣಗಿಲೆಯ ಹೊಗೆಯೂ ವಿಷವೇ. ಕಾಂಗ್ರೆಸ್ ಹುಲ್ಲಿನ ಹೊಗೆ ಉಬ್ಬಸದವರಿಗೆ ಆಗುವುದಿಲ್ಲ. ಬೆಟ್ಟದ ಬುಡದಲ್ಲಿರುವ ನಿಮ್ಮಂಥವರ ಸೌದೆ ರಾಶಿಯಲ್ಲಿ ಹೊಳಗೇರು ಮರದ ಒಂದು ಕೊಂಬೆ ಸೇರಿಕೊಂಡಿದ್ದರೂ ಸಾಕು, ಹೊಗೆ ತಗುಲಿದ ಮುಖ, ಕಣ್ಣು, ಗಂಟಲು ಊದಿಕೊಳ್ಳಬಹುದು. ವಿಷದ ಗಿಡ ನಿಂತಲ್ಲೇ ನಿಂತಿರುವಷ್ಟು ಹೊತ್ತು ಯಾರ ಮೇಲೂ ಎರಗುವುದಿಲ್ಲ. ಕಡಿದು, ರಾಶಿ ಹಾಕಿ, ಬೆಂಕಿ ಕೊಟ್ಟಾಗ ಅದು ಮನೆಯೊಳಕ್ಕೇ ಬರುತ್ತದೆ. ಹಾಗಾಗಿ ಯಾವ ಗಿಡದಲ್ಲಿ ಎಷ್ಟು ವಿಷವಿದೆ ಎಂದು ಕೇಳುವುದಕ್ಕಿಂತ ಅದರ ಹತ್ತಿರ ಯಾರು ಹೋಗುತ್ತಾರೆ, ಹೇಗೆ ಹೋಗುತ್ತಾರೆ ಎಂದು ಕೇಳಿಕೊಳ್ಳುವುದು ಮೇಲು. ಅಣಬೆ ಎದ್ದ ಮರಕ್ಕೂ ಇದೇ ಪ್ರಶ್ನೆ: ಅದು ಬಿದ್ದರೆ ಯಾರ ಮೇಲೆ ಬೀಳುತ್ತದೆ?

ತೆಂಗಿನಿಂದ ಶುರು ಮಾಡುತ್ತೇನೆ, ಏಕೆಂದರೆ ತಡ ಮಾಡಿದರೆ ಹೆಚ್ಚು ನಷ್ಟವಾಗುವುದು ಅಲ್ಲೇ. ನೀವು ಬರೆದ ವಿವರ ನೋಡಿದರೆ ಅದು ಗ್ಯಾನೊಡರ್ಮಾ ಜಾತಿಯ ಶಿಲೀಂಧ್ರ. ತುಮಕೂರು, ಹಾಸನದ ಕಡೆ ಈ ಕಾಯಿಲೆಗೆ ಅಣಬೆ ರೋಗ ಎನ್ನುತ್ತಾರೆ. ಅಡಿಕೆಗೂ ಅದೇ ಹೆಸರಿನಲ್ಲಿ ಬರುತ್ತದೆ. ನಿಮ್ಮ ಸುತ್ತಲಿನ ತಮಿಳು ರೈತರು ತಂಜಾವೂರು ವಾಡಲ್ ಎನ್ನುತ್ತಾರೆ. 1950ರ ದಶಕದಲ್ಲಿ ತಂಜಾವೂರು ಸೀಮೆಯ ತೋಟಗಳಲ್ಲಿ ಇದರ ಹಾವಳಿ ಜೋರಾಗಿದ್ದರಿಂದ ಆ ಹೆಸರು ನಿಂತಿತು. ಮೇಲ್ಮೈ ಮೆರುಗೆಣ್ಣೆ ಬಳಿದ ಹಾಗೆ ಹೊಳೆಯುತ್ತದೆ, ಅಂಚು ಬಿಳಿ ಅಥವಾ ಹಳದಿ, ಅಡಿಭಾಗ ಬೆಳ್ಳಗೆ. ಬಲಿತ ಮೇಲೆ ಕಂದು ಹುಡಿ ಉದುರಿಸುತ್ತದೆ. ಆ ಹುಡಿಯೇ ಅದರ ಬೀಜಾಣು.

ನೀವು ನೋಡುತ್ತಿರುವುದು ರೋಗದ ಆರಂಭವಲ್ಲ ಎಂಬುದನ್ನು ಮನಸ್ಸು ಗಟ್ಟಿ ಮಾಡಿಕೊಂಡು ಒಪ್ಪಬೇಕು. ಮಾವಿನ ಮರಕ್ಕೆ ಹಣ್ಣು ಹೇಗೋ ಶಿಲೀಂಧ್ರಕ್ಕೆ ಆ ಅಣಬೆ ಹಾಗೆ. ಹಣ್ಣು ಬಿಡುವ ಮೊದಲೇ ಅದರ ಎಳೆಗಳು ಬೇರನ್ನೂ ಬೊಡ್ಡೆಯನ್ನೂ ಬಹುಕಾಲ ತಿಂದಿರುತ್ತವೆ. ಮೊದಲು ಹೊರಸುತ್ತಿನ ಗರಿಗಳು ಹಳದಿಯಾಗಿ, ಜೋತುಬಿದ್ದು, ಕಾಂಡಕ್ಕೆ ಅಂಟಿಕೊಳ್ಳುತ್ತವೆ. ಹೊಸ ಗರಿ ಗಿಡ್ಡವಾಗುತ್ತದೆ, ಹೊಂಬಾಳೆ ಕಡಿಮೆಯಾಗುತ್ತದೆ, ಮಿಡಿ ಉದುರುತ್ತದೆ. ಬುಡದಲ್ಲಿ ಬಿರುಕಿನಿಂದ ಕೆಂಗಂದು ರಸ ಸೋರಿ, ಒಣಗಿ, ಕಲೆಯಾಗುತ್ತದೆ. ಆ ಕಲೆ ದಿನ ಕಳೆದಂತೆ ಮೇಲೇರುತ್ತದೆ. ಅಣಬೆ ಏಳುವುದು ಸಾಮಾನ್ಯವಾಗಿ ಇವೆಲ್ಲದರ ನಂತರ. ಕೆಲವು ಮರಗಳಲ್ಲಂತೂ ಅಣಬೆ ಏಳದೆಯೇ ಮರ ಸಾಯುತ್ತದೆ.

ಆದ್ದರಿಂದ ಅಣಬೆ ಎದ್ದ ಆ ಎರಡು ಮರಗಳನ್ನು ಉಳಿಸಲು ದುಡ್ಡು ಸುರಿಯಬೇಡಿ. ನೀವು ಚಿಕಿತ್ಸೆ ಕೊಡಬೇಕಾದದ್ದು ಅವುಗಳ ಸುತ್ತ ಇನ್ನೂ ಹಸಿರಾಗಿ ನಿಂತಿರುವ ಮರಗಳಿಗೆ. ಅಂಗಡಿಯಿಂದ ತಂದ ಔಷಧಿಯನ್ನೆಲ್ಲ ಸಾಯುತ್ತಿರುವ ಮರಕ್ಕೆ ಉಣಿಸಿ ಪಕ್ಕದ ಮರಗಳನ್ನು ಹಾಗೇ ಬಿಡುವುದನ್ನು ತೋಟ ತೋಟದಲ್ಲಿ ಕಾಣುತ್ತೇವೆ. ಶಿಲೀಂಧ್ರ ಆ ಹೊತ್ತಿಗೆ ಬೇರಿನಿಂದ ಬೇರಿಗೆ ಮಣ್ಣೊಳಗೆ ದಾಟಿರುತ್ತದೆ. ಹಾಯಿ ನೀರು ಬಿಡುವ ತೋಟದಲ್ಲಿ ನೀರಿನ ಜತೆಗೂ ಹೋಗುತ್ತದೆ. ಪರಂಬಿಕುಳಂ–ಆಳಿಯಾರ್ ಯೋಜನೆಯ ಕಾಲುವೆ ನೀರು ಬಂದ ದಿನ ಇಡೀ ತೋಟಕ್ಕೆ ಒಟ್ಟಿಗೆ ಹಾಯಿಸುವ ರೂಢಿ ನಿಮ್ಮಲ್ಲಿದ್ದರೆ ಅದನ್ನು ಮೊದಲು ನಿಲ್ಲಿಸಿ. ಮರಕ್ಕೊಂದು ಪಾತಿ ಮಾಡಿ, ರೋಗದ ಮರದ ಪಾತಿಯ ನೀರು ಇನ್ನೊಂದಕ್ಕೆ ಹೋಗದಂತೆ ನೋಡಿಕೊಳ್ಳಿ. ಹನಿ ನೀರಾವರಿ ಇದ್ದರೆ ಇನ್ನೂ ಒಳ್ಳೆಯದು.

ರೋಗದ ಮರದ ಸುತ್ತ ಬುಡದಿಂದ ಒಂದೂವರೆ ಮೀಟರ್ ಬಿಟ್ಟು, ಎರಡಡಿ ಆಳ, ಒಂದಡಿ ಅಗಲದ ಅಗಳು ತೋಡಿಸಿ. ಅಗಳು ತೋಡಿದ ಗುದ್ದಲಿ, ಹಾರೆಗಳನ್ನು ತೊಳೆಯದೆ ಒಳ್ಳೆಯ ಮರದ ಬುಡಕ್ಕೆ ಒಯ್ಯಬೇಡಿ. ಆಮೇಲೆ ಮರವನ್ನು ಉರುಳಿಸಿ, ಬೊಡ್ಡೆಯನ್ನು ಬೇರು ಸಮೇತ ಅಗೆದು ತೆಗೆಯಬೇಕು. ಮೇಲೆ ಕಡಿದು ಬೊಡ್ಡೆಯನ್ನು ಮಣ್ಣಲ್ಲೇ ಬಿಟ್ಟರೆ ಶಿಲೀಂಧ್ರಕ್ಕೆ ವರ್ಷಗಟ್ಟಲೆ ಊಟ ಬಡಿಸಿದಂತೆ. ಬೆಂಕಿ ಬೇಡ ಎಂದು ಮೇಲೆ ಹೇಳಿದ್ದು ಬೇಲಿ ಗಿಡಗಳಿಗೆ. ರೋಗದ ತೆಂಗಿನ ಬೊಡ್ಡೆ, ಬೇರು, ಅಣಬೆಗಳನ್ನು ಮಾತ್ರ ಮನೆಯಿಂದ ದೂರದಲ್ಲಿ ಸುಡಲೇಬೇಕು. ಇನ್ನೊಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ: ಬುಡದಲ್ಲಿ ಅಣಬೆ ಎದ್ದ ಮರಕ್ಕೆ ಕಾಯಿ ಕೀಳಲು ಯಾರನ್ನೂ ಹತ್ತಿಸಬೇಡಿ. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಬೊಡ್ಡೆ ಪುಡಿಪುಡಿಯಾಗಿರಬಹುದು. ನಾಲ್ಕು ಕಾಯಿಯ ಆಸೆಗೆ ಒಬ್ಬ ಕೂಲಿಯವನ ಜೀವ ಒತ್ತೆ ಇಡುವುದು ಸರಿಯಲ್ಲ.

ಸುತ್ತಲಿನ ಮರಗಳಿಗೆ ಮಾಡಬೇಕಾದ್ದು ನಿಮಗೆ ಹೊಸದಲ್ಲ. ವರ್ಷಕ್ಕೆ ಮರವೊಂದಕ್ಕೆ 5 ಕಿಲೊ ಬೇವಿನ ಹಿಂಡಿ, ಜತೆಗೆ 50 ಕಿಲೊ ಕೊಟ್ಟಿಗೆ ಗೊಬ್ಬರದಲ್ಲಿ 200 ಗ್ರಾಂ ಟ್ರೈಕೋಡರ್ಮಾ ಬೆರೆಸಿ ಹಾಕಿ. ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರವೇ, ಆದರೆ ಗ್ಯಾನೊಡರ್ಮಾವನ್ನು ತಿಂದು ಬದುಕುವಂಥದ್ದು. ರೋಗದ ಮರಕ್ಕೆ ತೀರ ಹತ್ತಿರದವುಗಳ ಬುಡಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮರಕ್ಕೆ 40 ಲೀಟರ್‌ನಂತೆ, ಹದಿನೈದು ದಿನಕ್ಕೊಮ್ಮೆ, ಮೂರು ಸಲ ಸುರಿಯಬಹುದು. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮಾಡಿ. ಒಂದು ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪಾದರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ನೂರು ವರ್ಷದಿಂದ ಮಾಡುತ್ತಿರುವ ಪಾಕವೇ ಇದು. ಆದರೆ ಬೋರ್ಡೋ ಮತ್ತು ಟ್ರೈಕೋಡರ್ಮಾವನ್ನು ಒಂದೇ ಹೊತ್ತಿಗೆ ಹಾಕಬೇಡಿ. ತಾಮ್ರ ಒಳ್ಳೆಯ ಶಿಲೀಂಧ್ರವನ್ನೂ ಕೊಲ್ಲುತ್ತದೆ. ನಡುವೆ ಒಂದು ತಿಂಗಳಾದರೂ ಬಿಡಿ.

ರಸ ಸೋರುವುದು ಈಗಷ್ಟೇ ಶುರುವಾದ ಮರವಿದ್ದರೆ ಬೇರಿನ ಮೂಲಕ ಔಷಧಿ ಉಣಿಸುವ ದಾರಿಯೂ ಇದೆ. 100 ಮಿ.ಲೀ. ನೀರಿಗೆ 2 ಮಿ.ಲೀ. ಹೆಕ್ಸಕೊನಜೋಲ್ ಬೆರೆಸಿ, ಪೆನ್ಸಿಲ್ ದಪ್ಪದ ಜೀವಂತ ಬೇರೊಂದನ್ನು ಹುಡುಕಿ, ತುದಿಯನ್ನು ಓರೆಯಾಗಿ ಕೊಯ್ದು, ಪ್ಲಾಸ್ಟಿಕ್ ಚೀಲದಲ್ಲಿನ ದ್ರಾವಣಕ್ಕೆ ಇಳಿಬಿಟ್ಟು ಕಟ್ಟುತ್ತಾರೆ. ಮಾರನೆಯ ದಿನಕ್ಕೂ ಹೀರದಿದ್ದರೆ ಬೇರೆ ಬೇರು ನೋಡಬೇಕು. ಮೂರು ತಿಂಗಳಿಗೊಮ್ಮೆ ಮತ್ತೆ ಕೊಡಬೇಕು. ಮೊದಲೇ ಕಾಯಿ, ಎಳನೀರು ಇಳಿಸಿಕೊಂಡು, ಆಮೇಲೆ ಒಂದೂವರೆ ತಿಂಗಳು ಆ ಮರದ್ದೇನೂ ಬಳಸಬೇಡಿ. ಮೊಮ್ಮಕ್ಕಳು ಬಂದಾಗ ಎಳನೀರು ಕೆಡವುವುದು ಯಾವ ಮರದಿಂದ ಎಂಬುದು ನೆನಪಿರಲಿ ಎಂದೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಅಂಥ ಮರಕ್ಕೆ ಸುಣ್ಣದ ಪಟ್ಟಿ ಬಳಿದು ಗುರುತು ಮಾಡಿ.

ಇದು ಅಣಬೆ ರೋಗವೇ ಹೌದೋ ಅಲ್ಲವೋ ಎಂಬ ಅನುಮಾನ ಬರುವುದು ಸಹಜ, ಏಕೆಂದರೆ ನಿಮ್ಮ ಸೀಮೆಯ ತೆಂಗಿಗೆ ಈಚೆಗೆ ಒಂದರ ಮೇಲೊಂದು ಕಷ್ಟ ಬಂದಿದೆ. ಕಾಂಡದ ನಡುವಿನಲ್ಲಿ ಎಲ್ಲೆಂದರಲ್ಲಿ ಬಿರುಕಿನಿಂದ ಕಪ್ಪುಗೆಂಪು ರಸ ಸೋರುತ್ತಿದ್ದು, ಬುಡ ಮತ್ತು ಬೇರು ಚೆನ್ನಾಗಿದ್ದರೆ ಅದು ರಸ ಸೋರುವ ರೋಗ. ಕೆಟ್ಟ ಭಾಗವನ್ನು ಉಳಿಯಿಂದ ಕೆತ್ತಿ ಬೋರ್ಡೋ ಮುಲಾಮು ಹಚ್ಚಿದರೆ ಮರ ಉಳಿಯುತ್ತದೆ. ಗರಿಯ ಎಲೆಗಳು ಬಿಗಿ ತಪ್ಪಿ, ಪಕ್ಕೆಲುಬಿನ ಹಾಗೆ ಒಳಕ್ಕೆ ಬಾಗಿ, ಹಳದಿಯಾಗುತ್ತಿದ್ದರೆ ಕೇರಳದ ಬೇರು ಸೊರಗು ರೋಗ. ಅದಕ್ಕೆ ಶಿಲೀಂಧ್ರ ಕಾರಣವಲ್ಲ, ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಎಲೆರಸ ಹೀರುವ ಕೀಟಗಳು ಅದನ್ನು ಹರಡುತ್ತವೆ. ಔಷಧಿಯಿಲ್ಲ. ಪೊಳ್ಳಾಚಿ ಸುತ್ತಲ ತೋಟಗಳಲ್ಲಿ ಅದು ಹರಡಿರುವುದು ನಿಮಗೇ ಗೊತ್ತು. ಇನ್ನು ಗರಿಗಳ ಮೇಲೆ ಮಸಿ ಬಳಿದ ಹಾಗೆ ಕಪ್ಪು ಬೂಷ್ಟು ಕಂಡರೆ ಗಾಬರಿ ಬೇಡ. 2016ರಲ್ಲಿ ಭಾರತದಲ್ಲೇ ಮೊದಲು ಪೊಳ್ಳಾಚಿಯಲ್ಲಿ ಕಂಡ ಸುರುಳಿ ಬಿಳಿನೊಣದ ಸಿಹಿ ಹಿಕ್ಕೆಯ ಮೇಲೆ ಬೆಳೆಯುವ ಬೂಷ್ಟು ಅದು, ಮರದೊಳಕ್ಕೆ ಇಳಿಯುವುದಿಲ್ಲ. ಕೀಟನಾಶಕ ಹೊಡೆದರೆ ಆ ನೊಣವನ್ನು ತಿನ್ನುವ ಕಣಜ ಸತ್ತು ನೊಣ ಹೆಚ್ಚುತ್ತದೆ. ಗಂಜಿ ನೀರು ಸಿಂಪಡಿಸಿದರೆ ಬೂಷ್ಟು ಒಣಗಿ, ಪದರವಾಗಿ ಉದುರುತ್ತದೆ.

ಬೇವಿನ ಮರವನ್ನು ಕಡಿಯಬೇಡಿ. ಮಳೆಗಾಲದಿಂದ ಮಾಗಿಯವರೆಗೆ ತುದಿರೆಂಬೆಗಳು ಬೆಂಕಿ ತಾಗಿದಂತೆ ಕಂದಾಗುವುದು ಬೇವಿನ ತುದಿ ಒಣಗು ರೋಗ. ಅದನ್ನು ತರುವ ಶಿಲೀಂಧ್ರವನ್ನು ಹೊಸ ಪ್ರಭೇದವೆಂದು ಗುರುತಿಸಿ 1997ರಲ್ಲಿ ಪ್ರಕಟಿಸಿದವರು ಮೈಸೂರಿನ ಸಂಶೋಧಕರು. ಜತೆಗೆ ಚಹಾ ಸೊಳ್ಳೆ ಎಂಬ ತಿಗಣೆಯೂ ಎಳೆ ಚಿಗುರಿನ ರಸ ಹೀರಿ ಒಣಗಿಸುತ್ತದೆ. ಈಚಿನ ವರ್ಷಗಳಲ್ಲಿ ತೆಲಂಗಾಣ, ಕರ್ನಾಟಕ, ತಮಿಳುನಾಡಿನಲ್ಲೆಲ್ಲ ಬೇವು ಸತ್ತೇಹೋಯಿತೆಂದು ಜನ ಹೆದರಿ ಎಷ್ಟೋ ಮರ ಕಡಿದರು. ಬೇಸಿಗೆ ಬಂದಾಗ ಬಹುಪಾಲು ಮರಗಳು ಮತ್ತೆ ಚಿಗುರುತ್ತವೆ. ಕೈಗೆಟುಕುವ ಒಣ ತುದಿಗಳನ್ನು ಕತ್ತರಿಸಿ ಸುಟ್ಟರೆ ಸಾಕು. ಎತ್ತರದ ಮರಕ್ಕೆ ಔಷಧಿ ಸಿಂಪಡಿಸುವುದು ದುಂದು, ಕೆಳಗೆ ನಿಂತವರ ಮೈಮೇಲೆ ಬೀಳುವುದೂ ಅದೇ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಭಯವಾದದ್ದು ಕೊಟ್ಟಿಗೆ ಪಕ್ಕದ ಗುಲ್‌ಮೊಹರ್. ಮಾವು, ಹುಣಸೆಯಂಥ ಮರಗಳು ಗಾಯದ ಸುತ್ತ ಒಳಗೊಳಗೇ ಗೋಡೆ ಕಟ್ಟಿಕೊಂಡು ಕೊಳೆತ ಭಾಗವನ್ನು ಬೇರ್ಪಡಿಸುತ್ತವೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಗಾಯಕ್ಕೆ ಡಾಂಬರು ಬಳಿಯುವುದು, ಪೊಟರೆಗೆ ಸಿಮೆಂಟ್ ತುಂಬುವುದು ಇವೆರಡರಿಂದ ಕೊಳೆ ನಿಲ್ಲುವುದಿಲ್ಲ ಎಂಬುದೂ ಹೀಗೇ ತಿಳಿಯಿತು. ತೆಂಗಿಗೆ ಅಂಥ ಗೋಡೆ ಕಟ್ಟುವ ಶಕ್ತಿಯಿಲ್ಲ, ಗುಲ್‌ಮೊಹರ್‌ಗೆ ಇದೆ. ಆದರೆ ಗುಲ್‌ಮೊಹರ್ ಮರದ ಬೇರು ಮತ್ತು ಬುಡ ಸೇರುವಲ್ಲೇ ಅಣಬೆ ಎದ್ದಿದೆ ಎಂದರೆ ಮರವನ್ನು ನಿಲ್ಲಿಸುವ ಭಾಗವೇ ಕೊಳೆಯುತ್ತಿದೆ. ಮೇಲೆ ಹಸಿರು ಚೆನ್ನಾಗಿ ಕಾಣುವುದನ್ನು ನಂಬಬೇಡಿ, ಎಲೆ ಹಸಿರಾಗಿದ್ದಾಗಲೇ ಮರ ಬುಡಮೇಲಾಗುತ್ತದೆ. ಮರದ ಸುತ್ತಿಗೆಯಿಂದ ಬುಡದ ಸುತ್ತ ತಟ್ಟಿ, ಡೊಳ್ಳು ಸದ್ದು ಬರುತ್ತದೆಯೇ ಕೇಳಿ. ಒಂದು ಕಡೆಯ ಮಣ್ಣು ಬಿರುಕು ಬಿಟ್ಟು ಎದ್ದಿದೆಯೇ, ಮರ ಮೊದಲಿಗಿಂತ ವಾಲಿದೆಯೇ ನೋಡಿ. ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಆಡಿ ಗಾಳಿಯ ಜೋರು ನಿಮಗೆ ಹೇಳಬೇಕಿಲ್ಲ. ಉಡುಮಲೈ ಸುತ್ತ ಅಷ್ಟೊಂದು ಗಾಳಿಯಂತ್ರಗಳು ನಿಂತಿರುವುದೇ ಆ ಗಾಳಿಗಾಗಿ. ಗಾಳಿ ಏಳುವ ಮೊದಲು, ಅಂದರೆ ಮೇ ತಿಂಗಳೊಳಗೆ, ಅನುಭವಿಗಳಿಂದ ಆ ಮರವನ್ನು ಮೇಲಿನಿಂದ ತುಂಡು ತುಂಡಾಗಿ, ಹಗ್ಗ ಕಟ್ಟಿ ಇಳಿಸಿ. ಹತ್ತುವವರಿಗೆ ಬುಡದ ಅಣಬೆ ತೋರಿಸಿಯೇ ಕೆಲಸ ಒಪ್ಪಿಸಿ. ಅಲ್ಲಿಯವರೆಗೆ ದನಗಳನ್ನು ಬೇರೆ ಕಡೆ ಕಟ್ಟಿ. ನಿಮ್ಮ ಹಳ್ಳಿ ಬೆಟ್ಟಪ್ರದೇಶವೆಂದು ಅಧಿಸೂಚನೆಯಾಗಿದ್ದರೆ ಮರ ಕಡಿಯಲು 1955ರ ತಮಿಳುನಾಡು ಕಾಯ್ದೆಯಂತೆ ಅನುಮತಿ ಬೇಕು. ಗ್ರಾಮ ಆಡಳಿತ ಅಧಿಕಾರಿ (ವಿ.ಎ.ಒ.) ಬಳಿ ಒಮ್ಮೆ ಕೇಳಿಕೊಳ್ಳಿ.

ಅದೇ ಮರ ತೋಟದ ಮೂಲೆಯಲ್ಲಿ, ಯಾರೂ ಓಡಾಡದ ಕಡೆ ಇದ್ದಿದ್ದರೆ ಹಾಗೇ ಬಿಡಿ ಎನ್ನುತ್ತಿದ್ದೆ. ಮರದೊಳಗಿನ ಕೊಳೆಯೇ ಎಷ್ಟೋ ಜೀವಗಳ ಮನೆ. ನಿಮ್ಮ ತಲೆಯ ಮೇಲಿನ ಆನೈಮಲೈ ಕಾಡಿನಲ್ಲಿ ದೊಡ್ಡ ಮಂಗಟ್ಟೆ ಹಕ್ಕಿ ಗೂಡು ಮಾಡುವುದು ಹಳೆಯ ಮರಗಳ ಪೊಟರೆಯಲ್ಲಿ. ಅಷ್ಟು ದೊಡ್ಡ ಕೊಕ್ಕಿದ್ದರೂ ಅದು ಮರ ಕೊರೆಯಲಾರದು. ಶಿಲೀಂಧ್ರ ತಿಂದು ಟೊಳ್ಳು ಮಾಡಿಟ್ಟ ಜಾಗಕ್ಕೆ ಹೆಣ್ಣು ಹೊಕ್ಕು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಗಂಡು ಸೀಳಿನಿಂದ ಹಣ್ಣು ಉಣಿಸುತ್ತದೆ. ಕೊಳೆಸುವ ಅಣಬೆಗಳಿಲ್ಲದ ಕಾಡಿನಲ್ಲಿ ಮಂಗಟ್ಟೆಯೂ ಇರದು. ಮನೆ ಹಿತ್ತಲಲ್ಲೂ ಕುಟ್ರು, ಗಿಳಿ, ಹಾಲಕ್ಕಿಗಳಿಗೆ ಒಂದು ಒಣ ಮರ ಬೇಕು. ಇನ್ನು ಮಾವಿನ ಕಾಂಡದ ಮೇಲಿನ ಬೂದು–ಹಸಿರು ಕಲ್ಲುಹೂವನ್ನು ರೋಗವೆಂದು ಕೆರೆದು ತೆಗೆಯುವವರಿದ್ದಾರೆ. ಅದರಿಂದ ಮರಕ್ಕೆ ಯಾವ ಕೇಡೂ ಇಲ್ಲ.

ಈಗ ಬೇಲಿಗೆ ಬರೋಣ. ಮೊಮ್ಮಕ್ಕಳು ಬರುವ ಮೊದಲು ತೆಗೆಯಲೇಬೇಕಾದದ್ದು ಎರಡು: ಅಗ್ನಿಶಿಖೆ ಮತ್ತು ಕಾಡುಹರಳು. ಅಗ್ನಿಶಿಖೆಯನ್ನು, ಕೆಲವರು ಗೌರಿ ಹೂ ಎನ್ನುವ ಈ ಬಳ್ಳಿಯನ್ನು, ಕೀಳುವುದು ನಿಮಗೆ ಸಂಕಟವಾಗಬಹುದು. ಅದು ತಮಿಳುನಾಡಿನ ರಾಜ್ಯಪುಷ್ಪ, ಸೆಂಗಾಂದಳ್. ನಿಮ್ಮ ಪಕ್ಕದ ತಿರುಪ್ಪೂರು ಜಿಲ್ಲೆಯ ಮೂಲನೂರು, ಧಾರಾಪುರಂ ಕಡೆ ಎಕರೆಗಟ್ಟಲೆ ಬೆಳೆಯುತ್ತಾರೆ. ಬೀಜದಲ್ಲಿನ ಕಾಲ್ಚಿಸಿನ್ ಔಷಧಿಗಾಗಿ ಒಳ್ಳೆಯ ಬೆಲೆಗೆ ಹೋಗುತ್ತದೆ, ಗೌಟ್ ಎಂಬ ಕೀಲುನೋವಿಗೆ ಅದನ್ನು ಕೊಡುತ್ತಾರೆ. ಆದರೆ ಅದೇ ಕಾಲ್ಚಿಸಿನ್ ಗಿಡದ ಎಲ್ಲ ಭಾಗದಲ್ಲೂ ಇದೆ, ಗಡ್ಡೆಯಲ್ಲಿ ಹೆಚ್ಚು. ಗಡ್ಡೆ ನೋಡಲು ತಿನ್ನುವ ಗೆಣಸಿನ ಹಾಗೇ ಇರುವುದೇ ದೊಡ್ಡ ಅಪಾಯ. ತಿಂದವರಿಗೆ ಕೆಲವು ಗಂಟೆಗಳಲ್ಲಿ ವಾಂತಿ–ಭೇದಿ ಹಿಡಿಯುತ್ತದೆ, ಆಮೇಲೆ ಸ್ವಲ್ಪ ಸುಧಾರಿಸಿದಂತೆಯೂ ಕಾಣಬಹುದು. ಒಳಗೆ ಮಜ್ಜೆ, ಮೂತ್ರಪಿಂಡ, ಹೃದಯಗಳಿಗೆ ಏಟು ಬೀಳುವುದು ಅದರ ನಂತರ. ವಾಂತಿ ನಿಂತಿತಲ್ಲ ಎಂದು ಆಸ್ಪತ್ರೆಯಿಂದ ಮಗುವನ್ನು ಎಬ್ಬಿಸಿಕೊಂಡು ಬರುವ ಮನೆಯವರಿದ್ದಾರೆ. ಅದು ಪ್ರಾಣಕ್ಕೇ ಕುತ್ತು. ಗಡ್ಡೆ ಇಂಗ್ಲಿಷಿನ ವಿ ಅಕ್ಷರದಂತೆ ಕವಲಾಗಿರುತ್ತದೆ. ಎರಡು ಕವಲನ್ನೂ ಪೂರ್ತಿ ಅಗೆದು ತೆಗೆಯದಿದ್ದರೆ ಮುಂದಿನ ಮಳೆಗೆ ಮತ್ತೆ ಮೊಳೆಯುತ್ತದೆ. ಕೈಗವಸು ಹಾಕಿಕೊಳ್ಳಿ.

ಕಾಡುಹರಳಿನ ಕಾಯಿಯಲ್ಲಿ ಅಗ್ನಿಶಿಖೆಯಷ್ಟು ಮಾರಕ ವಿಷವಿಲ್ಲ, ಆದರೂ ಮಕ್ಕಳ ವಿಷಯದಲ್ಲಿ ನಾನು ಅದಕ್ಕೇ ಮೊದಲು ಹೆದರುತ್ತೇನೆ. ಕಣಗಿಲೆ ಕಹಿ, ಬಾಯಿಗಿಟ್ಟ ಮಗು ಉಗಿಯುತ್ತದೆ. ಕಾಡುಹರಳಿನ ಬೀಜ ಕಡಲೆಕಾಯಿ ಬೀಜದಂತೆ ರುಚಿಯಾಗಿರುತ್ತದೆ. ಒಬ್ಬ ತಿಂದು ಇನ್ನೊಬ್ಬನಿಗೆ ಕೊಡುತ್ತಾನೆ. ಹಾಗಾಗಿಯೇ ದಕ್ಷಿಣದ ಹಳ್ಳಿಗಳಲ್ಲಿ ಶಾಲೆ ಬೇಲಿಯ ಬೀಜ ತಿಂದು ಮಕ್ಕಳು ಗುಂಪು ಗುಂಪಾಗಿ ವಾಂತಿಯಾಗಿ ಆಸ್ಪತ್ರೆ ಸೇರುವುದು ಆಗಾಗ ಸುದ್ದಿಯಾಗುತ್ತದೆ. ಬೇಲಿಗೆ ಬೇಕಾದರೆ ಅದರ ಜಾಗದಲ್ಲಿ ದಾಸವಾಳ, ಮದರಂಗಿ ಹಾಕಿ. ಗುಲಗಂಜಿ ಬಳ್ಳಿಯೂ ಇದ್ದರೆ ಕಿತ್ತುಹಾಕಿ. ಇಡಿಯಾಗಿ ನುಂಗಿದ ಗುಲಗಂಜಿ ಸಿಪ್ಪೆ ಗಟ್ಟಿಯಾದ್ದರಿಂದ ಹಾಗೇ ಹೊರಗೆ ಹೋಗಬಹುದು, ಅಗಿದದ್ದು ಅಥವಾ ದಾರ ಪೋಣಿಸಲು ತೂತು ಮಾಡಿದ್ದು ಮಹಾ ವಿಷ. ಉಮ್ಮತ್ತಿ ತಿಪ್ಪೆಯ ಬಳಿ ಇರುವುದರಿಂದ ಸೊಪ್ಪು ಕೊಯ್ಯುವಾಗ ಬೆರೆಯುವ ಭಯವಿದೆ. ಕಾಯಿ ಬಲಿತು ಬೀಜ ಸಿಡಿಯುವ ಮೊದಲು ಬೇರು ಸಮೇತ ಕಿತ್ತು ಗುಂಡಿಯಲ್ಲಿ ಹೂಳಿ. ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಮೈ ಬಿಸಿಯಾಗಿ, ಇಲ್ಲದ್ದನ್ನು ಹಿಡಿಯಲು ಹೋಗುವಂತೆ ಮಗು ಬಡಬಡಿಸಿದರೆ ಉಮ್ಮತ್ತಿಯನ್ನು ನೆನಪಿಸಿಕೊಳ್ಳಿ. ಗಾಳಿ ಸೋಕಿದೆ ಎಂದು ಮಂತ್ರ ಹಾಕಿಸುತ್ತ ಕೂರಬೇಡಿ.

ಕಣಗಿಲೆ ಇರಲಿ. ದೇವರಿಗೆ ಹೂ ಬೇಕು, ಬೇಲಿಗೆ ಅಂದವೂ ಹೌದು. ಆದರೆ ನಿಯಮಗಳಿವೆ. ಅದರ ಹೂವನ್ನು ಮುಡಿಗೆ, ಮಾಲೆಗೆ ಮಾತ್ರ ಬಳಸಿ. ತೀರ್ಥದಲ್ಲಿ, ಪ್ರಸಾದದ ತಟ್ಟೆಯಲ್ಲಿ ಬೇಡ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಗಳಿಂದ ಈ ಹೂವನ್ನು ಹೊರಗಿಟ್ಟಿತು. ಮಾಸಾಣಿ ಅಮ್ಮನ ಗುಡಿಯಿರುವ ನಿಮ್ಮ ಆನೈಮಲೈನ ಭಕ್ತರಿಗೂ ಆ ಎಚ್ಚರ ಒಳ್ಳೆಯದೇ. ಕಡಿದ ಕಣಗಿಲೆ ಕೊಂಬೆಯನ್ನು ದನ ಓಡಾಡುವ ಕಡೆ ಎಸೆಯಲೇಬೇಡಿ. ಹಸಿ ಕಣಗಿಲೆಯನ್ನು ಮೇಕೆ, ಹಸು ಮೂಸಿ ಬಿಡುತ್ತವೆ, ಬಾಡಿದ ಎಲೆ ಹುಲ್ಲಿನ ಜತೆ ಬೆರೆತರೆ ತಿನ್ನುತ್ತವೆ, ಹೃದಯ ನಿಂತು ಸಾಯುತ್ತವೆ. ಬೇಲಿ ಸವರಿದ ದಿನ ಆಗುವ ಸಾವುಗಳೇ ಹೆಚ್ಚು. ಸವರಿದ್ದನ್ನೆಲ್ಲ ಅಂದೇ ಆಳದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಹಳದಿ ಕಣಗಿಲೆಗೂ ಇದೇ ಮಾತು. ಅದರ ಕಾಯಿ ಮಕ್ಕಳಿಗೆ ಆಟದ ಗೋಲಿಯಂತೆ ಕಾಣುವುದರಿಂದ ಮನೆ ಹತ್ತಿರ ಇದ್ದರೆ ತೆಗೆಸಿಬಿಡಿ.

ದನಕರುಗಳ ಲೆಕ್ಕದಲ್ಲಿ ನೀವು ಬರೆಯದೇ ಇದ್ದ ಮೂರು ಸೇರಿಸುತ್ತೇನೆ. ಬರದ ನಂತರ ಮೊದಲ ಮಳೆಗೆ ಚಿಗುರಿದ ಎಳೆ ಜೋಳ, ಅದರಲ್ಲೂ ಕೊಯ್ದ ಹೊಲದ ಕೂಳೆ ಚಿಗುರು, ಸಯನೈಡ್ ಹುಟ್ಟಿಸುತ್ತದೆ. ತಿಂದ ಹಸು ನಿಮಿಷಗಳಲ್ಲೇ ಉಸಿರುಕಟ್ಟಿ ಬೀಳುತ್ತದೆ. ಬೇಗ ಬಂದ ಪಶುವೈದ್ಯರ ಚುಚ್ಚುಮದ್ದಿನಿಂದ ಬದುಕುವುದುಂಟು. ಜೋಳ ಹೂವಾಡಿದ ಮೇಲೆ ಕೊಯ್ದು ಒಣಗಿಸಿ ಹಾಕಿದರೆ ಭಯವಿಲ್ಲ. ಎರಡನೆಯದು ಗೊಬ್ಬರಕ್ಕೆಂದು ತರುವ ಹರಳಿನ ಹಿಂಡಿ. ಅದರ ವಾಸನೆಗೆ ನಾಯಿ, ದನ ಬಾಯಿ ಹಾಕುತ್ತವೆ, ರಿಸಿನ್ ವಿಷ ಅವುಗಳನ್ನು ಕೊಲ್ಲುತ್ತದೆ. ಚೀಲವನ್ನು ಬೀಗದೊಳಗೆ ಇಡಿ, ಹಾಕಿದ ಕೂಡಲೇ ಮಣ್ಣು ಮುಚ್ಚಿ. ಮೂರನೆಯದು ಲಂಟಾನ. ಬೇಸಿಗೆಯಲ್ಲಿ ಮೇವಿಲ್ಲದೆ ಅದನ್ನು ತಿಂದ ದನಕ್ಕೆ ಕಾಮಾಲೆಯಾಗಿ, ಬಿಸಿಲಿಗೆ ಮೂತಿ, ಕಿವಿಯ ಚರ್ಮ ಸುಲಿಯುತ್ತದೆ. ನೆರಳಲ್ಲಿ ಕಟ್ಟಿ ವೈದ್ಯರನ್ನು ಕರೆಯಿರಿ. ಜಾನುವಾರಿಗೆ 1962ಕ್ಕೆ ಫೋನ್ ಮಾಡಬಹುದು.

ಎಕ್ಕ ಮತ್ತು ಕಳ್ಳಿಯ ಹಾಲು ಕಣ್ಣಿಗೆ ಹಾರಿದರೆ ಹಿತ್ತಲ ಮದ್ದು ಏನೂ ಬೇಡ. ನಲ್ಲಿ ನೀರಿನಲ್ಲಿ ಕಾಲು ಗಂಟೆಗೂ ಹೆಚ್ಚು ತೊಳೆದು ಕಣ್ಣಿನ ವೈದ್ಯರ ಬಳಿ ಹೋಗಿ. ಮೊದಲು ಉರಿಯಿಲ್ಲದಿದ್ದರೂ ಎಕ್ಕದ ಹಾಲಿನಿಂದ ಕೆಲವು ಗಂಟೆಯ ಮೇಲೆ ದೃಷ್ಟಿ ಮಂಜಾಗುತ್ತದೆ.

ಮಳೆ ಬಿದ್ದ ಮೇಲೆ ನೆಲದ ಅಣಬೆ ತರುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಒಂದೇ ಮಾತು: ಹುತ್ತದ ಅಣಬೆಯನ್ನು ಹುಟ್ಟಿನಿಂದ ನೋಡಿ ಬಲ್ಲವರು ತಂದರೆ ಮಾತ್ರ ತಿನ್ನಿ. ಗೊಬ್ಬರದ ಬಳಿ, ಹುಲ್ಲಿನಲ್ಲಿ ಏಳುವ ದೊಡ್ಡ ಬಿಳಿ ಕೊಡೆಯ ಅಡಿ ಬಲಿತಾಗ ಹಸಿರಾಗುತ್ತದೆ, ಎಳತಿನಲ್ಲಿ ಅದು ತಿನ್ನುವ ಅಣಬೆಯಂತೆಯೇ ಕಾಣುತ್ತದೆ. ಹುಳು ತಿಂದಿದ್ದರೆ ಮನುಷ್ಯರೂ ತಿನ್ನಬಹುದು, ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲ ಎಂಬ ಮಾತುಗಳೆಲ್ಲ ಸುಳ್ಳು. ತಿಂದು ಆರು ಗಂಟೆಯ ನಂತರ ವಾಂತಿ ಶುರುವಾದರೆ ಕೂಡಲೇ ವಾಂತಿಯಾದದ್ದಕ್ಕಿಂತ ಹೆಚ್ಚು ಅಪಾಯ, ಏಕೆಂದರೆ ಯಕೃತ್ತನ್ನು ಕೊಲ್ಲುವ ಅಣಬೆಗಳು ತಡವಾಗಿಯೇ ಸುಳಿವು ಕೊಡುತ್ತವೆ.

ಯಾರಾದರೂ ಏನನ್ನಾದರೂ ತಿಂದುಬಿಟ್ಟರೆ ಬಾಯಲ್ಲಿ ಉಳಿದದ್ದನ್ನು ಒರೆಸಿ ತೆಗೆಯಿರಿ. ಉಪ್ಪುನೀರು, ಸೋಪು ನೀರು, ಸಗಣಿ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿ ಶ್ವಾಸಕೋಶಕ್ಕೆ ಇಳಿದು ವಿಷಕ್ಕಿಂತ ಮೊದಲೇ ಅನಾಹುತ ಮಾಡಬಹುದು. 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800 116 117 ಸಂಖ್ಯೆಯನ್ನು ಅಡುಗೆಮನೆ ಗೋಡೆಗೆ ಬರೆದಿಡಿ. ಗಿಡದ ಎಲೆ, ಕಾಯಿ, ಬೀಜ ಇರುವ ಒಂದು ತುಂಡನ್ನು ಜತೆಗೇ ಒಯ್ಯಿರಿ. ಪೊಳ್ಳಾಚಿ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ನಿಮ್ಮ ವಿವರಣೆಗಿಂತ ಆ ತುಂಡು ಹೆಚ್ಚು ಹೇಳುತ್ತದೆ.

ಕಷಾಯದ ಮಾತು ಉಳಿಯಿತು. ಗ್ಯಾನೊಡರ್ಮಾದ ಕೆಲವು ಜಾತಿಗಳನ್ನು ಚೀನಾ, ಜಪಾನಿನಲ್ಲಿ ಔಷಧಿಯೆಂದು ಬೆಳೆದು ಮಾರುವುದು ನಿಜ, ನಿಮ್ಮ ನೆರೆಯವರು ಕೇಳಿದ್ದೂ ಅದನ್ನೇ ಇರಬೇಕು. ಆದರೆ ನಿಮ್ಮ ಮರದ ಬುಡದ್ದು ಯಾವ ಜಾತಿ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ತೋಟಕ್ಕೆ ಹಾಕಿದ ಔಷಧಿ, ತಾಮ್ರಗಳನ್ನೆಲ್ಲ ಅದು ಹೀರಿಕೊಂಡಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗಂತೂ ಖಂಡಿತ ಬೇಡ. ಒಂದು ಅಣಬೆಯನ್ನು ಕಾಗದದ ಚೀಲದಲ್ಲಿ ಹಾಕಿ (ಪ್ಲಾಸ್ಟಿಕ್‌ನಲ್ಲಿ ಬೆವರಿ ಕೊಳೆಯುತ್ತದೆ), ಜತೆಗೆ ಒಂದು ಹಿಡಿ ಬೇರು, ಬುಡದ ಮಣ್ಣು, ಗರಿಯ ಫೋಟೊ ತೆಗೆದುಕೊಂಡು ಆಳಿಯಾರ್ ನಗರದ ತೆಂಗು ಸಂಶೋಧನಾ ಕೇಂದ್ರಕ್ಕೆ ಹೋಗಿ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಆ ಕೇಂದ್ರ ನಿಮ್ಮ ತೋಟಕ್ಕೆ ಹತ್ತಿರವೇ ಇದೆ. ಉಳಿದ ಅಣಬೆಗಳನ್ನು ಹುಡಿ ಉದುರುವ ಮೊದಲು ಒಡೆದು, ಬೊಡ್ಡೆಯ ಜತೆ ಸುಡಿ.